ಅಗೆಯುವವರ ಗುರು ಸಿದ್ಧರಾಮ

ಕಲಬುರಗಿಯಿಂದ ಬೀದರಿಗೆ ಹೊರಟ ರೈಲು ಹುಮನಾಬಾದನ್ನು ಮುಟ್ಟುವುದಕ್ಕೆ ಮುನ್ನ, ಮರಗುತ್ತಿಯ ಬಳಿ, ಹಾಡುಹಗಲಿನಲ್ಲಿಯೇ ಒಮ್ಮೆ ಕತ್ತಲೆಯನ್ನು ಹೊಗುತ್ತದೆ. ಒಂದೂವರೆ ಕಿಲೋಮೀಟರಿಗೂ ಮಿಕ್ಕ ಉದ್ದದ ಸುರಂಗ ಅದು. ಮಕ್ಕಳು ಕೂಗು ಹಾಕುತ್ತಾರೆ. ಹಿರಿಯರು ಕಿಟಕಿಯಿಂದ ಕೈಯನ್ನು ಒಳಕ್ಕೆಳೆದುಕೊಳ್ಳುತ್ತಾರೆ. ಒಂದೆರಡು ನಿಮಿಷಗಳಲ್ಲಿ ಬೆಳಕು ಮರಳಿ ಬರುತ್ತದೆ, ನಿಂತ ಮಾತು ಮುಂದುವರಿಯುತ್ತದೆ. ೨೦೧೭ರ ಅಕ್ಟೋಬರ್ ೨೯ರಂದು ಬೀದರಿನಲ್ಲಿ ಉದ್ಘಾಟನೆಯಾದ, ಸುಮಾರು ೧೧೦ ಕಿಲೋಮೀಟರುಗಳ ಈ ಹಾದಿ ಎರಡು ಜಿಲ್ಲಾಕೇಂದ್ರಗಳನ್ನು ಕೂಡಿಸಿತೆಂಬುದನ್ನು ಎಲ್ಲರೂ ಬಲ್ಲರು. ಆದರೆ ನೆಲದ ಒಡಲನ್ನು ಸೀಳಿ ಈ ದಾರಿಯನ್ನು ತೆಗೆದ ಕೈಗಳು ಯಾರವು ಎಂದು ಆ ಕತ್ತಲೆಯಲ್ಲಿ ಕುಳಿತವರು ಕೇಳುವುದು ಅಪರೂಪ. ಸೇತುವೆಗೆ ಹೆಸರಿಡುತ್ತೇವೆ, ನಿಲ್ದಾಣಕ್ಕೆ ಹೆಸರಿಡುತ್ತೇವೆ. ಸುರಂಗಕ್ಕೆ ಸಾಮಾನ್ಯವಾಗಿ ಒಂದು ಅಂಕಿಯೇ ಸಾಕೆನ್ನಿಸುತ್ತದೆ. ಅಗೆದವರ ಹೆಸರಿನ ಮಾತಂತೂ ದೂರವೇ ಉಳಿಯಿತು.

ಅಗೆಯುವ ಕಸುಬಿಗೆ ಕನ್ನಡ ನಾಡಿನಲ್ಲಿ ಒಬ್ಬ ಗುರುವಿದ್ದಾನೆ. ಮಣ್ಣು ಕಲ್ಲುಗಳ ಕೆಲಸವನ್ನೇ ತಲೆಮಾರುಗಳಿಂದ ನಂಬಿ ಬದುಕಿದ ಒಡ್ಡರು, ಇಂದು ಭೋವಿ ಎಂಬ ಹೆಸರಿನಿಂದ ಕರೆಯಲ್ಪಡುವ ಜನ, ತಮ್ಮವನೆಂದು ನೆನೆಯುವ ಆ ಗುರು ೧೨ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ. ಸೊನ್ನಲಿಗೆಯೆಂದರೆ ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರ. ಅಲ್ಲಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿ ಬಸವಕಲ್ಯಾಣದ ಮಗ್ಗುಲಲ್ಲಿ ಹಾದು ಹುಮನಾಬಾದಿಗೆ ಬರುತ್ತದೆ. ಸುರಂಗದಿಂದ ಹೊರಬಿದ್ದ ರೈಲು ಈ ಹೆದ್ದಾರಿಯ ಊರನ್ನೇ ತಲಪುತ್ತದೆ. ಎಂಟುನೂರು ವರ್ಷಗಳಿಗೂ ಹಿಂದೆ ಸಿದ್ಧರಾಮನು ತಾನು ಅಗೆಯುತ್ತಿದ್ದ ಕೆರೆಯನ್ನು ಬಿಟ್ಟು ಕಲ್ಯಾಣಕ್ಕೆ ನಡೆದು ಬಂದದ್ದೂ ಈ ಸೀಮೆಯಲ್ಲಿಯೇ. ಭಕ್ತಿಯ ಕಡೆಯಿಂದ, ತತ್ತ್ವದ ಕಡೆಯಿಂದ ಅವನ ಜೀವನವನ್ನು ನೋಡಿದವರು ಹಲವರುಂಟು. ಗುದ್ದಲಿಯ ಕಡೆಯಿಂದ ಅದನ್ನೊಮ್ಮೆ ನೋಡಬೇಕೆಂಬುದು ಈ ಬರಹದ ಆಸೆ.

ಸಿದ್ಧರಾಮನ ಚರಿತ್ರೆಯನ್ನು ನಾವು ಮುಖ್ಯವಾಗಿ ಎರಡು ಕಡೆಗಳಿಂದ ಪಡೆಯುತ್ತೇವೆ. ಹರಿಹರನ ಸೋದರಳಿಯನಾದ ರಾಘವಾಂಕನು ಷಟ್ಪದಿಯಲ್ಲಿ ಬರೆದ ‘ಸಿದ್ಧರಾಮ ಚಾರಿತ್ರ’ ಒಂದು. ೧೫ನೆಯ ಶತಮಾನದಿಂದೀಚೆಗೆ ಶರಣರ ವಚನಗಳನ್ನು ಸಂವಾದಗಳಾಗಿ ಹೆಣೆದ ‘ಶೂನ್ಯಸಂಪಾದನೆ’ಗಳು ಇನ್ನೊಂದು. ರಾಘವಾಂಕನ ಕಣ್ಣು ಸೊನ್ನಲಿಗೆಯ ಮೇಲೆ ನೆಟ್ಟಿದೆ. ಸಂಪಾದನಕಾರರ ಕಣ್ಣು ಕಲ್ಯಾಣದ ಮೇಲೆ. ಒಬ್ಬನು ಕಟ್ಟಿದ ಸಿದ್ಧರಾಮನನ್ನು ಕಂಡರೆ, ಇನ್ನೊಬ್ಬರು ಕಟ್ಟಿದ್ದನ್ನು ಬಿಟ್ಟ ಸಿದ್ಧರಾಮನನ್ನು ಕಂಡರು. ಈ ಎರಡನ್ನೂ ಕೂಡಿಸಿಕೊಂಡಾಗಲೇ ಪೂರ್ಣವಾದ ಮನುಷ್ಯನೊಬ್ಬ ನಮ್ಮೆದುರು ನಿಲ್ಲುತ್ತಾನೆ.

ಸೊನ್ನಲಿಗೆಯ ಮುದ್ದುಗೌಡ ಮತ್ತು ಸುಗ್ಗಲದೇವಿ ಎಂಬ ದಂಪತಿಗಳಿಗೆ ಅವನು ಹುಟ್ಟಿದನು. ಒಕ್ಕಲುತನದ ಮನೆ. ಮಹಾಪುರುಷನೊಬ್ಬ ಹುಟ್ಟುವನೆಂದು ರೇವಣಸಿದ್ಧರು ಮೊದಲೇ ಹೇಳಿದ್ದರೆಂಬುದು ಕಾವ್ಯದ ಮಾತು. ಆದರೆ ಹುಟ್ಟಿದ ಮಗು ಎಲ್ಲ ಮಕ್ಕಳಂತೆ ಇರಲಿಲ್ಲ. ಮಾತಿಲ್ಲ, ಆಟದಲ್ಲಿ ಆಸಕ್ತಿಯಿಲ್ಲ, ಕರೆದರೆ ತಿರುಗಿ ನೋಡುವ ಚುರುಕಿಲ್ಲ. ಊರವರು ಇವನನ್ನು ಮಂಕನೆಂದು ಎಣಿಸಿದರು. ದನ ಕಾಯುವುದು, ಹೊಲ ಕಾಯುವುದು — ಇಂಥ ಕೆಲಸಗಳಿಗೇ ಅವನು ತಕ್ಕವನೆಂದು ಮನೆಯವರಿಗೂ ತೋರಿರಬೇಕು. ಮುಂದೆ ಸಾವಿರಾರು ಜನರನ್ನು ಒಂದು ಕೆಲಸಕ್ಕೆ ಹೂಡಿದವನು ಮೊದಲಿಗೆ ಯಾವ ಕೆಲಸಕ್ಕೂ ಬಾರದವನೆನ್ನಿಸಿಕೊಂಡಿದ್ದನೆಂಬುದನ್ನು ನಮ್ಮ ಅಧ್ಯಾಪಕರು ನೆನಪಿನಲ್ಲಿಟ್ಟುಕೊಳ್ಳಬೇಕಾದುದು ಅಗತ್ಯ.

ಒಂದು ದಿನ ನವಣೆಯ ಹೊಲದಲ್ಲಿದ್ದ ಹುಡುಗನ ಬಳಿಗೆ ಅಪರಿಚಿತನಾದ ಜಂಗಮನೊಬ್ಬ ಬಂದನು. ತನ್ನ ಹೆಸರು ಮಲ್ಲಯ್ಯನೆಂದೂ ತನ್ನ ಊರು ಶ್ರೀಶೈಲವೆಂದೂ ಹೇಳಿ ಹಸಿವೆಯೆಂದನು. ಹುಡುಗ ಎಳೆಯ ತೆನೆಗಳನ್ನು ಸುಟ್ಟು, ಉಜ್ಜಿ, ಕಾಳು ಕೊಟ್ಟನು. ತಿಂದವನು ಮಜ್ಜಿಗೆ ಬೇಕೆಂದನು. ಹುಡುಗ ಮನೆಗೆ ಓಡಿದನು. ಮಾತನಾಡದ ಮಗ ಬಾಯಿಬಿಟ್ಟು ಮಜ್ಜಿಗೆ ಕೇಳಿದಾಗ ತಾಯಿಗೆ ಆದ ಸಂತೋಷವನ್ನು ಓದುಗರೇ ಊಹಿಸಿಕೊಳ್ಳಬಹುದು. ಆದರೆ ಅವನು ಮರಳಿ ಬರುವಷ್ಟರಲ್ಲಿ ಹೊಲ ಬರಿದಾಗಿತ್ತು. ಮಲ್ಲಯ್ಯ ಎಲ್ಲಿಯೂ ಇಲ್ಲ. ಹುಡುಗ ಆ ಹೆಸರನ್ನೇ ಕೂಗುತ್ತ ಹೊಲದಿಂದ ಹೊಲಕ್ಕೆ ಅಲೆದನು. ಶ್ರೀಶೈಲದ ಯಾತ್ರಿಕರು ಎದುರಾದಾಗ, ಮಲ್ಲಯ್ಯನನ್ನು ತೋರಿಸುತ್ತೇವೆಂಬ ಅವರ ಮಾತನ್ನು ನಂಬಿ ಅವರ ಬೆನ್ನು ಹತ್ತಿದನು.

ಶ್ರೀಶೈಲದಲ್ಲಿ ಅವರು ತೋರಿಸಿದ್ದು ಗರ್ಭಗುಡಿಯ ಲಿಂಗವನ್ನು. ಹುಡುಗ ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯಿಂದ ಕಾಳು ತಿಂದ ಮಲ್ಲಯ್ಯ ಇದಲ್ಲವೆಂದು ಬೆಟ್ಟದ ಕಾಡಿನಲ್ಲಿ ಹುಡುಕುತ್ತ ಹೋಗಿ, ಕೊನೆಗೆ ಆಳವಾದ ಕೊಳ್ಳವೊಂದರ ಅಂಚಿಗೆ ಬಂದು ನಿಂತನು. ಬಿದ್ದು ಸಾಯಲು ಹೊರಟವನ ಕೈಯನ್ನು ಮಲ್ಲಿಕಾರ್ಜುನನೇ ಬಂದು ಹಿಡಿದನೆಂದು ಕವಿ ಹೇಳುತ್ತಾನೆ. ಇಲ್ಲಿ ನಾವು ಗಮನಿಸಬೇಕಾದುದು ದೇವರು ಆ ಹುಡುಗನನ್ನು ತನ್ನ ಬಳಿಯೇ ಇರಿಸಿಕೊಳ್ಳಲಿಲ್ಲ ಎಂಬುದನ್ನು. ಹಿಂದಕ್ಕೆ ಹೋಗು, ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡು ಎಂಬುದು ಅವನಿಗೆ ದೊರೆತ ಅಪ್ಪಣೆ. ಕೊಳ್ಳದ ಅಂಚಿನಿಂದ ಅವನು ಹೊತ್ತು ತಂದುದು ಮೋಕ್ಷವನ್ನಲ್ಲ, ಕೆಲಸವನ್ನು.

ಊರಿಗೆ ಮರಳಿದ ಸಿದ್ಧರಾಮನು ಮದುವೆಯಾಗಲಿಲ್ಲ, ಮನೆ ಹೂಡಲಿಲ್ಲ. ಗುಡಿ ಕಟ್ಟಿಸಿದನು, ಊರ ಸುತ್ತಲೂ ಲಿಂಗಗಳನ್ನು ಸ್ಥಾಪಿಸಿದನು. ಸೊಲ್ಲಾಪುರದ ಜನ ಇಂದಿಗೂ ಅರವತ್ತೆಂಟು ಲಿಂಗಗಳ ಲೆಕ್ಕವನ್ನು ಹೇಳುತ್ತಾರೆ. ಬಡವರ ಮಕ್ಕಳಿಗೆ ಒಂದೇ ಚಪ್ಪರದಡಿ ಮದುವೆಗಳನ್ನು ಮಾಡಿಸಿದನೆಂದೂ, ಹಸಿದು ಬಂದವರಿಗೆ ಅನ್ನವಿಕ್ಕುವ ವ್ಯವಸ್ಥೆ ಮಾಡಿದನೆಂದೂ ಸಂಪ್ರದಾಯ ನೆನೆಯುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಕೆರೆ. ಸೊನ್ನಲಿಗೆ ಮಳೆ ಕಡಿಮೆಯಾದ ಬಯಲುಸೀಮೆ; ಅಲ್ಲಿ ಕೆರೆ ಅಗೆಯುವುದೆಂದರೆ ಊರಿನ ಆಯುಷ್ಯವನ್ನು ಅಗೆದು ತೆಗೆಯುವುದೆಂದೇ ಅರ್ಥ.

ಕೆರೆಯ ಅಗೆತವೆಂದರೆ ಏನೆಂಬುದನ್ನು ಪುಸ್ತಕದ ಜನರಾದ ನಾವು ಕೊಂಚ ತಿಳಿದುಕೊಳ್ಳುವುದು ಒಳ್ಳೆಯದು. ಗಂಡಸು ಗುದ್ದಲಿಯಿಂದ ನೆಲವನ್ನು ಎಬ್ಬಿಸುತ್ತಾನೆ. ಹೆಂಗಸು ತಲೆಯ ಮೇಲೆ ಸಿಂಬಿಯಿಟ್ಟು ಬುಟ್ಟಿ ಹೊತ್ತು ಏರಿಯ ಮೇಲೆ ಸುರಿಯುತ್ತಾಳೆ. ಕುಣಿ ಆಳವಾದಂತೆ ಏರಿ ಎತ್ತರವಾಗುತ್ತದೆ. ಆದ್ದರಿಂದ ದಿನ ಕಳೆದಂತೆ ಅದೇ ಬುಟ್ಟಿಯ ಮಣ್ಣನ್ನು ಇನ್ನೂ ಕೆಳಗಿನಿಂದ ಇನ್ನೂ ಮೇಲಕ್ಕೆ ಹೊರಬೇಕಾಗುತ್ತದೆ. ಅಗೆತದ ಕೂಲಿಯನ್ನು ಅಳತೆಯ ಮೇಲೆ ಕೊಡುವುದು ರೂಢಿ. ಎಷ್ಟು ಆಳ ಅಗೆದರೆಂಬುದನ್ನು ಆಮೇಲೆ ತಿಳಿಯುವುದು ಹೇಗೆ? ಅದಕ್ಕಾಗಿ ಕುಣಿಯ ನಡುನಡುವೆ ಒಂದೊಂದು ಮಣ್ಣಿನ ಗುಡ್ಡೆಯನ್ನು ಅಗೆಯದೆ ಹಾಗೆಯೇ ಸಾಕ್ಷಿಗೆ ಬಿಡುತ್ತಾರೆ. ಅದರ ನೆತ್ತಿ ಹಳೆಯ ನೆಲದ ಮಟ್ಟ. ಅಳತೆ ಮುಗಿದ ಮೇಲೆ ಆ ಗುಡ್ಡೆಯನ್ನೂ ಕಡಿದುಹಾಕುತ್ತಾರೆ. ಅಗೆದವನ ಶ್ರಮಕ್ಕೆ ಸಾಕ್ಷಿಯಾದದ್ದು ಅವನು ಅಗೆಯದೆ ಉಳಿಸಿದ್ದೇ. ಈ ಗುಡ್ಡೆಯ ವಿಷಯವನ್ನು ಓದುಗರು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಲಿ. ಸಿದ್ಧರಾಮನ ಜೀವನದ ತಿರುವು ಅದರ ಹತ್ತಿರವೇ ಇದೆ.

ಕೆರೆಯ ಕೆಲಸ ಭರದಿಂದ ಸಾಗಿದ್ದ ಕಾಲದಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆರೆಯಂಗಳದಲ್ಲಿ ದುಡಿಯುತ್ತಿದ್ದವರನ್ನು ಕಂಡು ಅವರು ಆ ಊರ ಮಹಾಪುರುಷನನ್ನು ಗೌರವದಿಂದ ವಿಚಾರಿಸಲಿಲ್ಲ. ನಿಮ್ಮ ಒಡ್ಡ ರಾಮನೆಲ್ಲಿ ಎಂಬ ಧಾಟಿಯಲ್ಲಿ ಕೇಳಿದರು. ಕೆಲಸಗಾರರು ಕೆರಳಿದರು. ಕೈಗೆ ಸಿಕ್ಕ ಕಲ್ಲುಗಳನ್ನು ಬೀಸಿದರು. ಕಲ್ಲುಗಳು ಪ್ರಭುವಿನ ಮೈಗೆ ತಾಗದೆ ಸುತ್ತಲೂ ಬಿದ್ದು ರಾಶಿಯಾದುವು. ಸುದ್ದಿ ಕೇಳಿ ಸಿದ್ಧರಾಮನೇ ಕೋಪದಿಂದ ಬಂದನು, ಹಣೆಗಣ್ಣು ತೆರೆದನು, ಆ ಉರಿ ಪ್ರಭುವಿನಲ್ಲಿಯೇ ಅಡಗಿತು. ಕಥೆಯ ಅದ್ಭುತವನ್ನು ಬದಿಗಿಟ್ಟು ನೋಡಿದರೂ ಒಳಗಿನ ಸಂಗತಿ ಸ್ಪಷ್ಟವಾಗಿದೆ. ಲೋಕಕ್ಕೆ ನೀರು ಕೊಡಲು ಹೊರಟವನ ಒಳಗೆ ಒಂದು ಮಾತಿಗೆ ಹೊತ್ತಿಕೊಳ್ಳುವಷ್ಟು ಬೆಂಕಿ ಉಳಿದಿತ್ತು.

ಪ್ರಭು ಆ ಪದವನ್ನೇಕೆ ಬಳಸಿದರು? ಒಡ್ಡು ಎಂದರೆ ನೀರಿಗೆ ಅಡ್ಡಲಾಗಿ ಹಾಕಿದ ಕಟ್ಟೆ, ಏರಿ. ಒಡ್ಡ ಎಂಬ ಹೆಸರು ಇದರಿಂದ ಬಂದಿತೆನ್ನುವವರುಂಟು. ಓಢ್ರ ದೇಶದಿಂದ ಬಂದವರಾದ್ದರಿಂದ ಆ ಹೆಸರಾಯಿತೆನ್ನುವವರೂ ಉಂಟು. ವ್ಯುತ್ಪತ್ತಿ ಏನೇ ಇರಲಿ, ಆಡುಮಾತಿನಲ್ಲಿ ಆ ಶಬ್ದ ಒರಟನೆಂಬ, ನಯವಿಲ್ಲದವನೆಂಬ ಬೈಗುಳಾಗಿ ಇಳಿದುಹೋಯಿತು. ನೆಲವನ್ನು ನಯಗೊಳಿಸಿದವರ ಹೆಸರೇ ನಯವಿಲ್ಲದಿರುವಿಕೆಗೆ ಮಾತಾದುದು ಭಾಷೆ ಮಾಡಿದ ಅನ್ಯಾಯಗಳಲ್ಲೊಂದು. ತರಗತಿಗಳಲ್ಲಿ ಹುಡುಗರು ಒಬ್ಬರನ್ನೊಬ್ಬರು ಹೀಗೆ ಹಂಗಿಸುವುದನ್ನು ಕೇಳಿದ ಅಧ್ಯಾಪಕರಿಗೆ ಇದರ ನೋವು ತಿಳಿಯದ ವಿಷಯವಲ್ಲ. ಸಿದ್ಧರಾಮನು ಹುಟ್ಟಿನಿಂದ ಒಡ್ಡನಲ್ಲ, ಒಕ್ಕಲಿನವನು. ಪ್ರಭುವಿನ ಬಾಯಲ್ಲಿ ಅವನು ತನ್ನ ಕೆಲಸದಿಂದ ಒಡ್ಡನಾದನು. ಆ ಮಾತು ಅವನನ್ನು ಚುಚ್ಚಿತೆಂದರೆ, ತನ್ನೊಡನೆ ಬೆವರು ಸುರಿಸುತ್ತಿದ್ದವರ ಹೆಸರನ್ನು ಹೊರಲು ಅವನಿನ್ನೂ ಸಿದ್ಧನಾಗಿರಲಿಲ್ಲವೆಂದೇ ಹೇಳಬೇಕಾಗುತ್ತದೆ. ಪ್ರಭುವಿನ ಪರೀಕ್ಷೆ ಇದ್ದುದು ಅಲ್ಲಿಯೇ ಎಂದು ನಮಗೆ ತೋರುತ್ತದೆ.

ಪ್ರಭು ಕೆರೆಯನ್ನು ಹಳಿಯಲಿಲ್ಲ. ಕೆರೆಯ ಹಿಂದೆ ನಿಂತಿದ್ದ ‘ನಾನು’ ಎಂಬುದನ್ನು ಹಳಿದರು. ಗುಡಿ ಕಟ್ಟಿದೆ, ಕೆರೆ ಅಗೆದೆ, ಅನ್ನವಿಕ್ಕಿದೆ ಎಂಬ ಲೆಕ್ಕ ಎಲ್ಲಿಯವರೆಗೆ ಇರುವುದೋ ಅಲ್ಲಿಯವರೆಗೆ ಆ ಪುಣ್ಯವೂ ಒಂದು ಕೂಲಿಯೇ. ಸಿದ್ಧರಾಮನು ಸೊನ್ನಲಿಗೆಯ ನೆಲವನ್ನೆಲ್ಲ ಅಗೆದಿದ್ದನು. ನಡುವೆ ತನ್ನನ್ನು ಮಾತ್ರ ಅಳತೆಯ ಗುಡ್ಡೆಯಂತೆ ಹಾಗೆಯೇ ನಿಲ್ಲಿಸಿಕೊಂಡಿದ್ದನು. ಎಷ್ಟು ಆಳಕ್ಕೆ ಹೋದನೆಂಬುದನ್ನು ತೋರಿಸುವ ಆ ಗುಡ್ಡೆಯನ್ನೂ ಕಡಿಯುವ ಹೊತ್ತು ಬಂದಿತ್ತು. ಅವನು ಪ್ರಭುವಿನ ಜೊತೆಯಲ್ಲಿ ಕಲ್ಯಾಣದ ಹಾದಿ ಹಿಡಿದನು.

ಸೊನ್ನಲಿಗೆಯಿಂದ ಕಲ್ಯಾಣಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ದೂರ. ಅಗೆಯುವವನ ಕಣ್ಣಿಗೆ ಆ ದಾರಿ ಒಂದು ಪಾಠವೇ ಸರಿ. ಮೊದಲು ಕಪ್ಪು ಎರೆಯ ಬಯಲು, ಅದರಡಿ ಕರಿಕಲ್ಲು. ಮುಂದೆ ಕಲ್ಯಾಣ, ಹುಮನಾಬಾದು, ಬೀದರುಗಳ ಕಡೆಗೆ ಏರಿದಂತೆ ಆ ಕರಿಕಲ್ಲಿನ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಇಲ್ಲಿಂದ ದಕ್ಷಿಣಕ್ಕೆ, ಕಲಬುರಗಿಯನ್ನು ದಾಟಿ ಶಹಾಬಾದ, ಚಿತ್ತಾಪುರ, ಸೇಡಂಗಳ ಕಡೆಗೆ ಇಳಿದರೆ ಹಾಸುಹಾಸಾಗಿ ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಕುವ ಶಹಾಬಾದಿ ಫರಸಿ ಆ ನೆಲದ್ದೇ. ಒಂದೇ ಸೀಮೆಯಲ್ಲಿ ಮೂರು ಬಗೆಯ ಕಲ್ಲು, ಮೂರು ಬಗೆಯ ಅಗೆತ. ಜಂಬಿಟ್ಟಿಗೆ ನೆಲದೊಳಗಿರುವಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿ. ಇಂದು ಬಸವಕಲ್ಯಾಣಕ್ಕೆ ಹೋದವರು ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಎಂದು ಜನ ತೋರಿಸುವ ಸ್ಥಳಗಳನ್ನು ನೋಡಿ ಬರುತ್ತಾರೆ. ಶರಣರ ಊರಿನಲ್ಲಿ ಮೇಲಕ್ಕೆ ಎದ್ದ ಗೋಪುರಗಳಿಗಿಂತ ಒಳಕ್ಕೆ ಹೊಕ್ಕ ಗವಿಗಳ ನೆನಪೇ ಹೆಚ್ಚಾಗಿ ಉಳಿದಿರುವುದು ಅರ್ಥವಿಲ್ಲದ ಸಂಗತಿಯಲ್ಲ.

ಕಲ್ಯಾಣದಲ್ಲಿ ಸಿದ್ಧರಾಮನು ಸುಲಭವಾಗಿ ಬಾಗಲಿಲ್ಲ. ಅವನಿಗೆ ಇಷ್ಟಲಿಂಗ ದೀಕ್ಷೆಯಾಗಿರಲಿಲ್ಲ. ಮಲ್ಲಿಕಾರ್ಜುನನೇ ನೇರವಾಗಿ ಕೈ ಹಿಡಿದವನಿಗೆ ಮೈಮೇಲಿನ ಕುರುಹಿನ ಅಗತ್ಯವೇನೆಂಬುದು ಅವನ ವಾದ. ಅದು ಸಣ್ಣ ವಾದವೇನೂ ಅಲ್ಲ. ಒಳಗೆ ಬೆಳಕಿದ್ದ ಮೇಲೆ ಹೊರಗಿನ ಹಣತೆ ಏಕೆ ಎಂದು ಕೇಳುವ ಹಕ್ಕು ಕೊಳ್ಳದ ಅಂಚಿನಿಂದ ಮರಳಿದವನಿಗೆ ಖಂಡಿತವಾಗಿ ಇತ್ತು. ಬಸವಣ್ಣನವರು, ಚೆನ್ನಬಸವಣ್ಣನವರು, ಪ್ರಭುದೇವರು ಅವನೊಡನೆ ತಾಳ್ಮೆಯಿಂದ ವಾದಿಸಿದರು. ಒಳಗೂ ಹೊರಗೂ ಬೇರೆಯೆಂಬ ಎಣಿಕೆಯೇ ಕೊನೆಯ ತೆರೆಯೆಂದು ತಿಳಿಸಿಕೊಟ್ಟರು. ಕಟ್ಟಕಡೆಗೆ ಸಿದ್ಧರಾಮನು ದೀಕ್ಷೆಯನ್ನು ಪಡೆದುದು ಎಳೆಯ ಪ್ರಾಯದ ಚೆನ್ನಬಸವಣ್ಣನವರಿಂದ. ಒಂದು ಊರನ್ನೇ ಕಟ್ಟಿದ, ಸಾವಿರಾರು ಜನರಿಗೆ ಗುರುವಾಗಿದ್ದ ಮನುಷ್ಯ ತರುಣನೊಬ್ಬನ ಮುಂದೆ ಕೈಯೊಡ್ಡಿದನು. ಗುಡ್ಡೆ ಕಡಿದುಬಿದ್ದುದು ಆ ಗಳಿಗೆಯಲ್ಲಿ.

ಅಲ್ಲಿಂದ ಮುಂದಿನ ಸಿದ್ಧರಾಮನು ಕರ್ಮಯೋಗಿಯಷ್ಟೇ ಅಲ್ಲ, ಶಿವಯೋಗಿ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವನ ಸಾವಿರಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ. ಬಾಲ್ಯದಲ್ಲಿ ಮಾತಿಲ್ಲದಿದ್ದವನ ಮಾತಿನ ರಾಶಿ ಇದು. ಪ್ರಭುದೇವರ ಮತ್ತು ಚೆನ್ನಬಸವಣ್ಣನವರ ಅನಂತರ ಶೂನ್ಯಪೀಠದ ಅಧ್ಯಕ್ಷತೆ ಅವನಿಗೆ ಬಂದಿತೆಂದು ಪರಂಪರೆ ಹೇಳುತ್ತದೆ. ಒಡ್ಡನೆಂದು ಕರೆಸಿಕೊಂಡವನೇ ಆ ಪೀಠವನ್ನೇರಿದನು. ಕರೆದವರೇ ಅವನನ್ನು ಅಲ್ಲಿಗೆ ತಂದವರು.

ಕಲ್ಯಾಣದ ಬೆಳಕು ಬಹುಕಾಲ ನಿಲ್ಲಲಿಲ್ಲ. ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಮದುವೆ, ಅದಕ್ಕೆ ದೊರೆತ ಘೋರ ಶಿಕ್ಷೆ, ಬಿಜ್ಜಳನ ಕೊಲೆ — ೧೧೬೭-೬೮ರ ಸುಮಾರಿನ ಆ ಬಿರುಗಾಳಿಗೆ ಸಿಕ್ಕಿ ಶರಣರು ದಿಕ್ಕುದಿಕ್ಕಿಗೆ ಚೆದರಿದರು. ಸಿದ್ಧರಾಮನು ಸೊನ್ನಲಿಗೆಗೆ ಮರಳಿದನು. ತಾನು ಬಿಟ್ಟುಹೋಗಿದ್ದ ಕೆರೆ, ಗುಡಿ, ಜನ ಅಲ್ಲಿದ್ದರು. ಹೊರಗಿನಿಂದ ನೋಡಿದರೆ ಹಳೆಯ ಕೆಲಸವೇ. ಆದರೆ ಮಾಡುವವನು ಬೇರೆಯಾಗಿದ್ದನು. ಕೊನೆಗೆ ಅವನು ಸಮಾಧಿಯಾದುದೂ ಅಲ್ಲಿಯೇ. ಕೆರೆಯ ನಡುವೆ ಇರುವ ಸಿದ್ಧೇಶ್ವರನ ಗುಡಿಯಲ್ಲಿ ಆ ಸಮಾಧಿಯನ್ನು ಜನ ಇಂದಿಗೂ ಪೂಜಿಸುತ್ತಾರೆ.

ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಆದರೆ ಗುರುವಿನ ಕಥೆ ಶಿಷ್ಯರಲ್ಲಿ ಮುಂದುವರಿಯದೆ ಇರುವುದಿಲ್ಲ. ಶತಮಾನಗಳು ಕಳೆದುವು. ೧೯ನೆಯ ಶತಮಾನದಲ್ಲಿ ರೈಲು ಈ ದೇಶಕ್ಕೆ ಕಾಲಿಟ್ಟಾಗ ಅದಕ್ಕೆ ನೆಲ ಸಮಮಾಡಿಕೊಟ್ಟ ಜನಗಳಲ್ಲಿ ಒಡ್ಡರು ಪ್ರಮುಖರು. ಕೆರೆಯ ಏರಿ ಹಾಕಿದ ಕೈ ರೈಲಿನ ಏರಿ ಹಾಕಿತು. ಬಾವಿ ತೋಡಿದ ಕೈ ಬೆಟ್ಟ ತೋಡಿತು. ಮುಂಬಯಿಯಿಂದ ಪುಣೆಗೆ ಏರುವ ಭೋರ್ ಘಾಟಿನಲ್ಲಿ ೧೮೫೬ರಿಂದ ೧೮೬೩ರವರೆಗೆ ನಡೆದ ಕೆಲಸದಲ್ಲಿ ೨೫ ಸುರಂಗಗಳನ್ನು ಕೊರೆಯಬೇಕಾಯಿತು. ೧೮೬೧ರಲ್ಲಿ ೪೦,೦೦೦ಕ್ಕೂ ಹೆಚ್ಚು ಜನ ಆ ಘಾಟಿನಲ್ಲಿ ದುಡಿಯುತ್ತಿದ್ದರು. ಕಾಲರಾ ಬಂದು ಗುಂಪು ಗುಂಪಾಗಿ ಸತ್ತರು. ಆ ಹಾದಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್‌ಲಿಯ ಹೆಸರು ಚರಿತ್ರೆಯಲ್ಲಿದೆ. ಅವನೂ ಕೆಲಸ ಮುಗಿಯುವುದನ್ನು ಕಾಣದೆ ೧೮೬೨ರಲ್ಲಿ ತೀರಿಕೊಂಡನು. ಕೂಲಿಯವರದು ಮಾತ್ರ ಲೆಕ್ಕವಾಗಿ ಉಳಿಯಿತು, ಹೆಸರಾಗಿ ಅಲ್ಲ. ೧೮೬೦ರಲ್ಲಿ ರೈಲು ಸಿದ್ಧರಾಮನ ಸೊನ್ನಲಿಗೆಯನ್ನು ಮುಟ್ಟಿತು. ೧೮೭೧ರಲ್ಲಿ ಕಲಬುರಗಿಯ ಮೂಲಕ ರಾಯಚೂರನ್ನು ತಲಪಿತು. ಬೀದರು ಕಲಬುರಗಿಗಳ ನಡುವಿನ ನೇರ ಹಾದಿಗೆ ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು. ಬಸವಕಲ್ಯಾಣದವರು ಇಂದಿಗೂ ರೈಲು ಹತ್ತುವುದಕ್ಕೆ ಬೇರೆ ಊರಿಗೆ ಹೋಗಬೇಕು.

ಸುರಂಗ ಕೊರೆಯುವ ಆ ಹಳೆಯ ಕ್ರಮ ಹೀಗೆ. ಬೆಟ್ಟದ ಎರಡು ಕಡೆಯಿಂದಲೂ ಒಂದೇ ಗೆರೆಯಲ್ಲಿ ಕೆಲಸ ಹೂಡುತ್ತಾರೆ. ಒಬ್ಬನು ಉಕ್ಕಿನ ಹಾರೆಯನ್ನು ಬಂಡೆಗೆ ಒತ್ತಿ ಹಿಡಿಯುತ್ತಾನೆ. ಇಬ್ಬರು ಸರದಿಯಂತೆ ಸುತ್ತಿಗೆಯಿಂದ ಹೊಡೆಯುತ್ತಾರೆ. ಪ್ರತಿ ಪೆಟ್ಟಿಗೂ ಹಿಡಿದವನು ಹಾರೆಯನ್ನು ತುಸು ತಿರುಗಿಸಬೇಕು. ಹೊಡೆಯುವವನ ಗುರಿಯ ಮೇಲೆ ಹಿಡಿಯುವವನು ತನ್ನ ಕೈಯನ್ನೇ ಒತ್ತೆಯಿಟ್ಟಿರುತ್ತಾನೆ. ಕುಳಿಗಳು ಸಿದ್ಧವಾದ ಮೇಲೆ ಮದ್ದು ತುಂಬಿ ಸಿಡಿಸುವುದು. ಹೊಗೆ ಇಳಿಯುವವರೆಗೆ ಕಾಯುವುದು. ನೆತ್ತಿಯ ಮೇಲೆ ಸಡಿಲವಾಗಿ ತೂಗುವ ಕಲ್ಲುಗಳನ್ನು ಉದ್ದನೆಯ ಕೋಲಿನಿಂದ ಕೆಡವುವುದು. ಒಡೆದುದನ್ನು ಹೊರಕ್ಕೆ ಸಾಗಿಸುವುದು. ಮಾಡಿಗೆ ಆಸರೆ ಕೊಡುವುದು. ಮತ್ತೆ ಹಾರೆ ಹಿಡಿಯುವುದು. ಇಂದು ಸುತ್ತಿಗೆಯ ಬದಲು ಗಾಳಿಯ ಒತ್ತಡದ ಕೊರೆಯುವ ಯಂತ್ರವಿದೆ, ಮರದ ಆಸರೆಯ ಬದಲು ಉಕ್ಕಿನ ಕಮಾನು, ಸಿಮೆಂಟಿನ ಲೇಪ ಇವೆ. ಒಮ್ಮೆಗೇ ಬೆಟ್ಟವನ್ನು ಕೊರೆದು ನುಂಗುವ ದೊಡ್ಡ ಯಂತ್ರಗಳೂ ಲೋಕದಲ್ಲಿವೆ. ಆದರೆ ಅವುಗಳನ್ನು ಬಳಸದೆ ಕೊರೆಯುವ ಕಡೆಗಳಲ್ಲೆಲ್ಲ ಕೊರೆ, ಸಿಡಿಸು, ತೆಗೆ, ಆಸರೆ ಕೊಡು ಎಂಬ ನಾಲ್ಕು ಹೆಜ್ಜೆಗಳ ಕ್ರಮ ಇಂದಿಗೂ ಬದಲಾಗಿಲ್ಲ.

ಕಲ್ಲಿನ ಜಾತಿಗೆ ತಕ್ಕಂತೆ ಅಪಾಯವೂ ಬೇರೆ. ಕರಿಕಲ್ಲು ಹಾರೆಯನ್ನು ಮೊಂಡಾಗಿಸುತ್ತದೆ, ಆದರೆ ಗಟ್ಟಿಯಾದ ಕಡೆ ಮೋಸ ಮಾಡುವುದಿಲ್ಲ. ಸುಣ್ಣದ ಕಲ್ಲು ಅದಕ್ಕಿಂತ ಮೆದು, ಕೊರೆಯಲು ಸುಲಭ. ಮೋಸವಿರುವುದು ಆ ಸುಲಭದಲ್ಲಿಯೇ. ಮಣ್ಣಿನಲ್ಲಿ ಇಳಿದು ತುಸು ಹುಳಿಯಾದ ಮಳೆನೀರು ಆ ಕಲ್ಲಿನ ಬಿರುಕುಗಳನ್ನು ಸೇರಿ ಯುಗಯುಗಗಳ ಕಾಲ ಕರಗಿಸುತ್ತ ಒಳಗೆ ಪೊಟರೆಗಳನ್ನೂ ಗವಿಗಳನ್ನೂ ಮಾಡಿರುತ್ತದೆ. ಹೊರಗಿನಿಂದ ಬಂಡೆ ಇಡಿಯಾಗಿಯೇ ಕಾಣುತ್ತದೆ. ಒಳಗೆ ಹೋದವರಿಗೆ ಒಮ್ಮೆಲೇ ಟೊಳ್ಳು ಎದುರಾಗಬಹುದು, ಅಡಗಿದ್ದ ನೀರು ನುಗ್ಗಬಹುದು. ಅದಕ್ಕಾಗಿಯೇ ಇಂಥ ನೆಲದಲ್ಲಿ ಮುಂದೆ ಹೋಗುವ ಮುನ್ನ ಸಣ್ಣ ಕುಳಿಗಳನ್ನು ಉದ್ದಕ್ಕೆ ಕೊರೆದು ಪರೀಕ್ಷಿಸುತ್ತಾರೆ. ನುರಿತ ಕೆಲಸಗಾರನಿಗೆ ಅದಕ್ಕೂ ಮುಂಚೆ ಹಾರೆಯ ಸದ್ದು ಬದಲಾದುದರಿಂದಲೇ ಸುಳಿವು ಸಿಗುತ್ತದೆ. ಇದು ಯಾವ ಶಾಲೆಯಲ್ಲಿಯೂ ಕಲಿಸದ ವಿದ್ಯೆ. ತಂದೆಯ ಪಕ್ಕದಲ್ಲಿ ನಿಂತು ಮಗ ಕಿವಿಯಿಂದ ಕಲಿತದ್ದು. ಗಟ್ಟಿಯಾಗಿ ಕಂಡದ್ದರ ಒಳಗಿನ ಟೊಳ್ಳನ್ನು ಒಂದೇ ಪೆಟ್ಟಿನಿಂದ ಕಂಡುಹಿಡಿದವರು ಪ್ರಭುದೇವರು. ಆ ಪೆಟ್ಟನ್ನು ತಾಳಿಕೊಂಡವನು ಸಿದ್ಧರಾಮ. ಒಡ್ಡರು ಅವನನ್ನೇ ಗುರುವೆಂದು ಆರಿಸಿಕೊಂಡುದು ಆಕಸ್ಮಿಕವೆನ್ನಲು ನಮಗೆ ಮನಸ್ಸು ಬಾರದು.

ಹಂಗಿಸಲು ಆಡಿದ ಹೆಸರನ್ನು ಹಂಗಿಸಿಕೊಂಡವರೇ ಎತ್ತಿಕೊಂಡು ತಲೆಯ ಮೇಲೆ ಹೊತ್ತುದು ಈ ಕಥೆಯ ದೊಡ್ಡ ಸಂಗತಿ. ಪ್ರಭು ಕರೆದ ಆ ಒಂದು ಮಾತಿನ ಬಲದಿಂದಲೇ ಅವನು ನಮ್ಮವನು ಎಂದರು ಮಣ್ಣಿನ ಮಕ್ಕಳು. ಚಿತ್ರದುರ್ಗದ ಭೋವಿ ಗುರುಪೀಠ ಸಿದ್ಧರಾಮೇಶ್ವರರ ಹೆಸರನ್ನು ಹೊತ್ತಿದೆ. ಕರ್ನಾಟಕ ಸರ್ಕಾರ ಸಂಕ್ರಾಂತಿಯ ಆಸುಪಾಸಿನಲ್ಲಿ ಅವರ ಜಯಂತಿಯನ್ನು ಆಚರಿಸುತ್ತದೆ. ಸೊಲ್ಲಾಪುರದಲ್ಲೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ೨೦ನೆಯ ಶತಮಾನದಲ್ಲಿ ತ್ರಿಪದಿಯ ಹಳ್ಳಿಯ ಧಾಟಿಯಲ್ಲಿ ಸಿದ್ಧರಾಮನ ಪುರಾಣವನ್ನು ಮತ್ತೆ ಬರೆದರು. ೧೯೭೪ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಅವರೇ. ಗಡಿ ಬೇರೆಯಾದರೂ ಗುರು ಬೇರೆಯಾಗಲಿಲ್ಲ. ಆದರೆ ಜಯಂತಿಯ ದಿನ ಹಾರ ಹಾಕಿ, ಮರುದಿನ ಅದೇ ಹೆಸರನ್ನು ಬೈಗುಳಾಗಿ ಆಡುವವರು ಹಾರ ಹಾಕದಿದ್ದರೂ ನಡೆದೀತು. ಸಿದ್ಧರಾಮನನ್ನು ಪಾಠ ಹೇಳುವ ನಮ್ಮಂಥವರು ಮೊದಲು ತಿದ್ದಬೇಕಾದುದು ಆ ಒಂದು ಪದದ ಬಳಕೆಯನ್ನು.

ಪ್ರತಿ ವರ್ಷ ಮಕರ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತು ಜನ ಸಿದ್ಧೇಶ್ವರನ ಜಾತ್ರೆ ಮಾಡುತ್ತಾರೆ. ಆಗ ಕೆರೆಯ ದಂಡೆಯಲ್ಲಿ ನಿಂತು ನೋಡಿದವರಿಗೆ ಸುತ್ತಲೂ ನೀರು, ನಡುವೆ ಗುಡಿ ಕಾಣುತ್ತದೆ. ಅಗೆಯುವವರ ಕಣ್ಣಿನಿಂದ ನೋಡಿದರೆ ಅದು ಬೇರೆಯೇ ತೋರೀತು. ಕುಣಿಯ ನಡುವೆ ಸಾಕ್ಷಿಗೆ ಬಿಟ್ಟ ಗುಡ್ಡೆ ಅದು. ಒಬ್ಬನು ತನ್ನೊಳಗಿನ ಗುಡ್ಡೆಯನ್ನು ಕಡಿದುಹಾಕಿದನು. ಅವನ ಜನ ಅವನನ್ನೇ ಸಾಕ್ಷಿಯಾಗಿ ಉಳಿಸಿಕೊಂಡರು. ತಾವು ಎಷ್ಟು ಆಳ ಅಗೆದೆವೆಂಬುದಕ್ಕೆ ಅವರಿಗಿರುವ ಅಳತೆ ಅದೊಂದೇ.